ತುರ್ತಿಗೊಂದು ನಂಬರ್

ಫಾರಂನ ಏಳನೆಯ ಸಾಲಿಗೆ ಬರುವವರೆಗೆ ಗಜಾಲಾಗೆ ಯಾವ ತೊಂದರೆಯೂ ಆಗಿರಲಿಲ್ಲ. ನಿದ್ದೆ ಬರುತ್ತದೆಯೇ? ಇಲ್ಲ. ಹಸಿವಾಗುತ್ತದೆಯೇ? ಇಲ್ಲ. ಸಲೀಸಾಗಿ ಬರೆದುಕೊಂಡು ಹೋಗಿದ್ದಳು. ಏಳನೆಯದು: ‘ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು?’ ಕೈ ತಾನಾಗಿಯೇ ಸರ್ಫರಾಜನ ಹೆಸರನ್ನೂ ಹತ್ತು ಅಂಕಿಗಳನ್ನೂ ಬರೆದುಬಿಟ್ಟಿತು.

ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆ ನಂಬರ್ ಈಗ ಬಾಗಲೂರಿನ ಒಬ್ಬ ಕೋಳಿ ಅಂಗಡಿಯವನದು. ಅವಳು ಎರಡು ಸಲ ಮಾಡಿ ನೋಡಿದ್ದಳು. ಎರಡನೆಯ ಸಲ ಆತ, “ಎಷ್ಟು ಕೆಜಿ ಅಂತ ಹೇಳಿ ಮೇಡಂ, ಸುಮ್ನೆ ಫೋನ್ ಹಿಡ್ಕೊಂಡಿದ್ರೆ ಹೆಂಗೆ?” ಎಂದಿದ್ದ.

ಗಜಾಲಾ ಆ ಸಾಲನ್ನು ಹೊಡೆದು ಹಾಕಿದಳು. ಹೆಬ್ಬಾಳದ ಥೆರಪಿಸ್ಟ್ ಮೊದಲೇ ಹೇಳಿದ್ದರು: ಒಬ್ಬರ ಹೆಸರು ಇರಲೇಬೇಕು, ಅವರನ್ನು ಕೇಳಿಯೇ ಬರೆಯಬೇಕು, ಇಲ್ಲದಿದ್ದರೆ ಶುರು ಮಾಡುವುದಿಲ್ಲ. ಈ ಗುರುವಾರ ಸಿಗಲು ಎರಡು ತಿಂಗಳು ಕಾದಿದ್ದಳು. ಮೂರೂವರೆಗೆ ಅಲ್ಲಿರಬೇಕು. ಅಮ್ಮನನ್ನು ಕೇಳಿದರೆ ಕೋಲಾರದಿಂದ ಮುಂದಿನ ಬಸ್ಸಿಗೇ ತಾಯಿತ ಹಿಡಿದು ಬರುತ್ತಾಳೆ. ದುಬೈಯಲ್ಲಿರುವ ತಮ್ಮ ಫೋನೆತ್ತುವುದು ಶುಕ್ರವಾರ ಮಾತ್ರ. ತುರ್ತು ಶುಕ್ರವಾರವೇ ಬರುತ್ತದೆಂದು ಹೇಳಲಾಗದು.

ಉಳಿದದ್ದು ಯಲಹಂಕದ ಈ ವಠಾರ. ಇಲ್ಲಿ ನಿಜ ಹೇಳಿದರೆ ಸಂಜೆಯೊಳಗೆ ‘ಗಜಾಲಾಗೆ ತಲೆ ಕೆಟ್ಟಿದೆ’ ಎಂದಾಗುತ್ತದೆ. ಹೋದ ವರ್ಷ ಮನೆ ಮಾಲೀಕರಾದ ರಾಮಲಕ್ಷ್ಮಮ್ಮ ಗ್ಯಾಸ್‌ನವರಿಗೆ ಬೇಕೆಂದು ಗಜಾಲಾಳ ನಂಬರ್ ಬರೆಸಿಕೊಂಡದ್ದು ನೆನಪಾಯಿತು. ಅದೇ ನೆಪ ಸಾಕು ಎಂದುಕೊಂಡು, ಫಾರಂ ಹಿಡಿದು, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ಮುನಿಶಾಮಿಯ ಬಾಗಿಲು ತಟ್ಟಿದಳು.

“ಅಂಕಲ್, ಗ್ಯಾಸ್ ವಿಷ್ಯ. ತುರ್ತಿಗೆ ಒಂದು ನಂಬರ್...”

“ಗ್ಯಾಸ್ ಲೀಕಾ? ಅದ್ನ ಇಷ್ಟ್ ನಿಧಾನಕ್ಕೆ ಹೇಳ್ತಿದೀಯಲ್ಲಮ್ಮ!”

ಮುನಿಶಾಮಿ ಬನಿಯನ್ನಿನಲ್ಲೇ ಅಂಗಳಕ್ಕೆ ಹಾರಿದರು. “ಇಳೀರಿ, ಎಲ್ಲಾ ಇಳೀರಿ! ಹೆಂಗಸರು ಮುಂದ್ಗಡೆ ಬಾಗ್ಲು, ಗಂಡಸರು ಹಿಂದ್ಗಡೆ!” ವಠಾರಕ್ಕೆ ಇದ್ದದ್ದೇ ಒಂದು ಬಾಗಿಲು. ಜನ ಕೊನೆಯ ಬಸ್ಸಿಗೆ ಮುಗಿಬಿದ್ದ ಹಾಗೆ ಮುಗಿಬಿದ್ದರು. ಮಹಡಿಯ ಮಲ್ಕಾ ಅರ್ಧ ಬೆಂದ ಬಿರಿಯಾನಿಯ ಪಾತ್ರೆಯನ್ನು ಕೂಸಿನಂತೆ ಎತ್ತಿಕೊಂಡು ಬೀದಿಗೆ ಬಂದಳು.

ಗ್ಯಾಸ್ ಮೆಕ್ಯಾನಿಕ್ ಬಂದು ಪೈಪಿಗೆಲ್ಲ ಸೋಪಿನ ನೀರು ಹಚ್ಚಿ, “ಏನೂ ಇಲ್ಲ” ಎಂದು ಬೈದುಕೊಂಡು ಹೋಗುವಷ್ಟರಲ್ಲಿ ಎರಡೂಕಾಲು.

“ಒಬ್ಳೇ ಇದ್ರೆ ಹಿಂಗೇ. ಇಲ್ದಿರೋದೆಲ್ಲ ವಾಸ್ನೆ ಬರುತ್ತೆ,” ಎಂದಳು ಮಲ್ಕಾ.

“ಆಪಾ, ಬರೀ ನಂಬರ್ ಕೇಳ್ದೆ.”

“ಬರ್ಕೋ, ಯಾರು ಬೇಡ ಅಂದ್ರು? ಫಾರಂ ತೋರ್ಸು ಮೊದ್ಲು.”

ಬೀದಿಯಲ್ಲಿ ಹನ್ನೊಂದು ಜನ ನಂಬರ್ ಕೊಡಲು ತಯಾರಿದ್ದರು. ಹನ್ನೊಂದು ಜನರಿಗೂ ಫಾರಂ ನೋಡಬೇಕಿತ್ತು. ಗಜಾಲಾ ಅದನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಒಳಗೆ ಬಂದಳು.

ಬೀದಿಗೆ ಓಡದೆ ಉಳಿದವರು ರಾಮಲಕ್ಷ್ಮಮ್ಮ ಒಬ್ಬರೇ. ಗುರುವಾರ ಅವರು ಮಂಡಿನೋವಿಗೆ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿಕೊಳ್ಳಲು ಹೋಗುವ ದಿನ. ಆಗಲೇ ಒಳ್ಳೆಯ ಸೀರೆ ಉಟ್ಟು, ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

“ನಂಬ್ರ ಬೇಕಾ ಮಗ? ಬರ್ಕೊ.” ಹತ್ತು ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದರು.

“ಯಾತಕ್ಕೆ ಅಂತ...”

“ಗ್ಯಾಸ್‌ಗೆ ತಾನೆ? ಓಗು, ಒತ್ತಾಯ್ತದೆ.”

ಹದಿನಾಲ್ಕು ತಿಂಗಳಲ್ಲಿ ಪ್ರಶ್ನೆ ಕೇಳದೆ ಏನನ್ನಾದರೂ ಕೊಟ್ಟವರು ಇವರೊಬ್ಬರೇ. ಗಜಾಲಾಗೆ ಅವರ ಪಕ್ಕದಲ್ಲಿ ಎರಡು ನಿಮಿಷ ಕೂರಬೇಕೆನಿಸಿತು. ಕೂರಲಿಲ್ಲ. ಆಟೋ ಹಿಡಿದಳು.

ಮೂರನೇ ಮಹಡಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಗಡಿಯಾರ, ಒಂದು ಡಬ್ಬಿ ಟಿಶ್ಯೂ ಇದ್ದವು. ಥೆರಪಿಸ್ಟ್ ನಗುತ್ತಲೇ ಫಾರಂ ಓದತೊಡಗಿದರು. ಏಳನೆಯ ಸಾಲಿನಲ್ಲಿ ನಗು ನಿಂತಿತು. ಮತ್ತೆ ಫಾರಂನ ಮೊದಲ ಸಾಲಿಗೆ ಹೋಗಿ ಗಜಾಲಾಳ ಹೆಸರು, ನಂಬರ್ ನೋಡಿದರು.

“ಕ್ಷಮಿಸಿ ಗಜಾಲಾ ಅವ್ರೇ. ನಾನು ನಿಮ್ಮನ್ನ ತಗೊಳ್ಳೋಕಾಗಲ್ಲ.”

“ಒಬ್ರ ಹೆಸ್ರು ಬರ್ದಿದೀನಲ್ಲ ಮೇಡಂ. ಕೇಳೇ ಬರ್ದಿದ್ದು.”

“ನಿಮ್ದೇನೂ ತಪ್ಪಿಲ್ಲ. ಕಾರಣ ನಾನು ಹೇಳೋ ಹಾಗಿಲ್ಲ.” ಜಯನಗರದ ಇನ್ನೊಬ್ಬರ ವಿಳಾಸ ಬರೆದು ಕೊಟ್ಟರು. “ತುಂಬ ಒಳ್ಳೆಯವರು. ಮೂರು ತಿಂಗಳು ಕಾಯ್ಬೇಕಾಗ್ಬಹುದು.”

ಹೊರಗೆ ಬಂದ ಗಜಾಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸರ್ಕಾರಿ ಕಚೇರಿಯ ಅರ್ಜಿಯಂತೆ ತನ್ನ ದುಃಖವೂ ಸರಿಯಾದ ಕೌಂಟರಿಗೆ ಹೋಗಿಲ್ಲ. ಮೊದಲ ಮೆಟ್ಟಿಲಲ್ಲೇ ಕೂತಳು. ಕೆಳಗಿನಿಂದ ಯಾರೋ ಎರಡೆರಡು ಮೆಟ್ಟಿಲು ಹತ್ತಿಕೊಂಡು ಬರುವ ಸದ್ದು ಕೇಳಿಸಿತು.

ರಾಮಲಕ್ಷ್ಮಮ್ಮ.

ಗಜಾಲಾಳನ್ನು ಕಂಡು ಅವರು ಕಂಬಿ ಹಿಡಿದು ನಿಂತರು.

“ಇದೇನಾ ನಿನ್ ಗ್ಯಾಸ್ ಆಫೀಸು?”

“ಇದೇನಾ ನಿಮ್ಮ ಮಂಡಿನೋವು?”

ರಾಮಲಕ್ಷ್ಮಮ್ಮ ಅವಳ ಕೈಯಲ್ಲಿದ್ದ ಜಯನಗರದ ಚೀಟಿ ನೋಡಿದರು. ಅವರ ಮುಖ ಸಣ್ಣದಾಯಿತು.

“ನನ್ನಿಂದ ನಿಂಗೆ ಇಲ್ದಂಗಾಯ್ತಲ್ಲ ಮಗ. ಗುರ್ತಿರೋ ಇಬ್ರನ್ನ ಇವ್ರು ನೋಡಾಕಿಲ್ವಂತೆ. ನಾನಿಲ್ಲಿ ಬರ್ಸಿರೋದು ನಿನ್ ನಂಬ್ರನೇ. ಮನೆ ತುಂಬ ಜನ ಅವ್ರೆ, ಬರ್ಸೋಕೆ ಒಬ್ರೂ ಸಿಗ್ನಿಲ್ಲ.”

ಒಳಗಿನಿಂದ ಕರೆ ಬಂತು. ಅವರು ಸೆರಗು ಸರಿಪಡಿಸಿಕೊಂಡು ಹೋದರು. ಬಾಗಿಲು ಮುಚ್ಚಿತು.

ಗಜಾಲಾ ಎದ್ದಳು. ಎರಡು ಮೆಟ್ಟಿಲು ಇಳಿದು ನಿಂತಳು. ಒಳಗೆ ಏನಾದರೂ ಆದರೆ ಫೋನ್ ಬರುವುದು ತನಗೇ. ಮೊಬೈಲಿನ ಸದ್ದು ಜೋರು ಮಾಡಿ, ಅದನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಳು.