ಇಟಲಿಯ ಸೆಂಟು ಹಾಕಿಕೊಂಡು ಹೆಣ್ಣು ನೋಡಲು ಹೋದದ್ದು

ಹೆದರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಟೆಲಿಗ್ರಾಂ ತರುವವನ ಸೈಕಲ್ ಬೆಲ್ಲು, ಕಚೇರಿಯಲ್ಲಿ ಮ್ಯಾನೇಜರರ ಕೆಮ್ಮು, ಗಡ್ಡ ಹೆರೆಯುವವನ ಕತ್ತಿ ಕುತ್ತಿಗೆಯ ಹತ್ತಿರ ಇರುವಾಗ ಅವನಿಗೆ ಬರುವ ಸೀನು, ಇಷ್ಟೇ ಸಾಕು. ಇವೆಲ್ಲ ಬೇರೆಯವರಿಗೂ ಇರಬಹುದು. ಆದರೆ ಪರಿಮಳಕ್ಕೆ ಹೆದರಿದ ಮನುಷ್ಯ ಉಡುಪಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್. ಕಾಪುವಿನ ಖಾದರ್ ನನ್ನ ಶಾಲೆಯ ಗೆಳೆಯ. ದುಬಾಯಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು ರಜೆಯಲ್ಲಿ ಊರಿಗೆ ಬಂದಿದ್ದ. ನಾನು ಕಾರ್ಕಳಕ್ಕೆ ಹೆಣ್ಣು ನೋಡಲು ಹೋಗುವ ಸುದ್ದಿ ಕೇಳಿ ದಪ್ಪ ಗಾಜಿನ ಒಂದು ಬಾಟಲಿ ತಂದುಕೊಟ್ಟ.

"ಇಟಲಿಯದ್ದು ಮಾರಾಯ. ಗಂಡಸರಿಗೆ ಅಂತಲೇ ಮಾಡಿದ್ದು. ಅಲ್ಲಿಯ ಅಜ್ಜಂದಿರ ಕಾಲದ ಕ್ರಮದ್ದೇ. ಈಗಿನವರಿಗೆ ಬೇಕಾದ ಹಾಗೆ ಸ್ವಲ್ಪ ಹೊಸತು ಸೇರಿಸಿದ್ದಾರೆ. ಕಿವಿಯ ಹಿಂದೆ ಒಂಚೂರು ಹಾಕು, ಸಾಕು," ಎಂದ.

ಮುಚ್ಚಳ ತೆಗೆದರೆ ಮೊದಲು ಕಂಚಿಹುಳಿಯ ಸಿಪ್ಪೆ ಹಿಚುಕಿದ ಹಾಗೆ ಮೂಗಿಗೆ ಬಡಿಯಿತು. ಆಮೇಲೆ ಅಜ್ಜನ ಗಂಧದ ಪೆಟ್ಟಿಗೆ. ಅದರ ಮೇಲೆ, ಹೊಸ ಕಾರಿನ ಬಾಗಿಲು ತೆಗೆದಾಗ ಬರುತ್ತದಲ್ಲ, ಅಂಥ ಒಂದು ವಾಸನೆ. ಖಾದರ್ ಹೇಳಿದ ಹೊಸತು ಅದೇ ಇರಬೇಕು. ನಮ್ಮ ಮನೆಯಲ್ಲಿ ಪರಿಮಳದ್ರವ್ಯವೆಂದರೆ ದೇವರ ಗಂಧ. ಅದನ್ನು ಒಂಚೂರು ಹಚ್ಚುವ ಪದ್ಧತಿ ಇಲ್ಲ. ಎರಡು ತೋಳು, ಎದೆ, ಹೊಟ್ಟೆ, ಎಲ್ಲ ಕಡೆಗೂ ಆಗಬೇಕು. ಹೊರಡುವ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕೈ ಅಲ್ಲೆಲ್ಲ ಓಡಾಡಿತು.

ಕಾರ್ಕಳದ ಬಸ್ಸಿನಲ್ಲಿ ಬಿಸಿಲೇರಿದಂತೆ ಇಟಲಿಯೂ ಏರಿತು. ಜೊತೆಗೆ ಬಂದಿದ್ದ ಸೋದರಮಾವ ಎದ್ದು ಹಿಂದಿನ ಸೀಟಿನ ಕಿಟಕಿಗೆ ಹೋದರು. ಕಂಡಕ್ಟರ್ ಟಿಕೇಟು ಹರಿಯುತ್ತಾ, "ಯಾರದ್ದು ಇಲ್ಲಿ ಅತ್ತರಿನ ಅಂಗಡಿ? ಲಗೇಜಿನ ಟಿಕೇಟು ಮಾಡಬೇಕಾ ಎಂತ?" ಎಂದ. ಬೆವರು ಒರೆಸಿಕೊಂಡೆ. ಒರೆಸಿದ ಕರವಸ್ತ್ರಕ್ಕೂ ಅದೇ ಪರಿಮಳ ಬಂತು. ಇಳಿದು ಓಡಿಹೋಗಲೇ ಎಂದುಕೊಂಡೆ. ಬಸ್ಸು ನಿಲ್ಲಿಸಿ ಎಂದು ಹೇಳುವುದಕ್ಕೂ ನನಗೆ ಹೆದರಿಕೆ.

ಹುಡುಗಿಯ ತಂದೆ ನಿವೃತ್ತ ಹೆಡ್‌ಮಾಸ್ಟರು. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, "ನಿಮಗೆ ಎಂತೆಂತ ಅಭ್ಯಾಸ ಉಂಟು?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅವರಿಗೆ ಕೆಮ್ಮು ಬಂತು. ಕೆಮ್ಮು ನಿಂತರೆ ಉಸಿರು ಹೊರಡಲಿಲ್ಲ. ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು, ತುಟಿ ಕಪ್ಪಿಟ್ಟಿತು. ಅವರ ಹೆಂಡತಿ ಮಾತ್ರೆ, ಬಿಸಿನೀರು ಎಂದು ಒಳಗೆ ಓಡಿದರು. ಗೋಳಿಬಜೆಯ ತಟ್ಟೆ ಹಿಡಿದು ಬಂದ ಹುಡುಗಿ ಅದನ್ನು ನೆಲಕ್ಕಿಟ್ಟು, "ಅಪ್ಪಯ್ಯನಿಗೆ ಉಬ್ಬಸ. ಪರಿಮಳ ಸ್ವಲ್ಪವೂ ಆಗುವುದಿಲ್ಲ. ಯಾರಾದರೂ ಹಾಕಿದ್ದೀರಾ?" ಎಂದು ಕೇಳಿದಳು. ಸೋದರಮಾವ ನನ್ನ ಕಡೆ ನೋಡಿದರು. ನಾನು ಹೆಡ್‌ಮಾಸ್ಟರರ ತುಟಿಯನ್ನೇ ನೋಡುತ್ತಿದ್ದೆ.

ನಾನು ಹಿತ್ತಲಿಗೆ ಓಡಿದೆ. ಬಾವಿಯಿಂದ ನೀರು ಸೇದಿ, ಪ್ಯಾಂಟು ಶರ್ಟಿನ ಸಮೇತ ತಲೆಯ ಮೇಲೆ ಸುರಿದುಕೊಂಡೆ. ಒಗೆಯುವ ಕಲ್ಲಿನ ಮೇಲಿದ್ದ ಸಾಬೂನಿನಿಂದ ಮುಖ, ಎದೆ, ಶರ್ಟು ಎಲ್ಲ ತಿಕ್ಕಿದೆ. ಎಷ್ಟು ಸುರಿದರೂ ಪರಿಮಳ ಮತ್ತೆ ತಾಜಾ ಆಗುತ್ತಿತ್ತು. ಒಳಗಿನಿಂದ ಆ ಸೀಟಿಯ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಹೆಣ್ಣು ನೋಡಲು ಹೋಗಿ ಹೆಣ್ಣಿನ ಅಪ್ಪನನ್ನೇ ಮುಗಿಸಿ ಬಂದ ಎಂದು ಜನ ಹೇಳುವುದು, ಪೊಲೀಸರು ಬರುವುದು, ಅಮ್ಮ ಅಳುವುದು ಎಲ್ಲವೂ ಕಣ್ಣಿಗೆ ಕಟ್ಟಿತು. ಮತ್ತೆ ಕೊಡಪಾನ ಬಾವಿಗೆ ಬಿಟ್ಟು ಇನ್ನೂ ನಾಲ್ಕು ಸಲ ತಲೆಗೆ ಸುರಿದುಕೊಂಡೆ.

"ಸಾಕು ಮಾರಾಯ್ರೆ, ಬಾವಿ ಖಾಲಿಯಾದೀತು," ಎಂದು ಹಿಂದಿನಿಂದ ಹುಡುಗಿಯ ಸ್ವರ ಕೇಳಿತು.

"ಅವರು ಹೇಗಿದ್ದಾರೆ?" ಎಂದೆ.

"ನಿಮ್ಮನ್ನು ಬೈಯುತ್ತಾ ಇದ್ದಾರೆ. ಬೈಯುವಷ್ಟು ಉಸಿರು ಬಂದರೆ ಮತ್ತೆ ಹೆದರಲಿಕ್ಕಿಲ್ಲ," ಎಂದು ಮೈ ಒರೆಸಿಕೊಳ್ಳಲು ಕೈಗೆ ಬೈರಾಸು ಕೊಟ್ಟಳು.

ಹೆಡ್‌ಮಾಸ್ಟರರದ್ದೇ ಒಂದು ಪಂಚೆ ಉಟ್ಟು ಜಗಲಿಯ ತುದಿಯಲ್ಲಿ ಕೂತೆ. ಅವರು ಒಳಗಿನಿಂದಲೇ, ನಿಲ್ಲಿಸಿದ ಜಾಗದಿಂದ ಪ್ರಶ್ನೆ ಮುಂದುವರಿಸಿದರು: "ಅಲ್ಲೇ ಕೂತುಕೊಳ್ಳಿ. ಅಭ್ಯಾಸ ಎಂತೆಂತ ಉಂಟು ಅಂತ ಕೇಳಿದ್ದೆ ನಾನು."

ಇನ್ನು ಆ ಕಡೆಗೆ ತಲೆ ಹಾಕುವಂತಿಲ್ಲ ಎಂದುಕೊಂಡೇ ಊರಿಗೆ ಬಂದೆ. ಹುಡುಗಿಗೆ ಒಪ್ಪಿಗೆ ಎಂದು ತಿಳಿದಾಗ ಮತ್ತೊಂದು ಹೆದರಿಕೆ ಶುರುವಾಯಿತು, ಆ ಮಾತು ಬೇರೆ. ಮದುವೆಯಾದ ಮೇಲೆ, ಅಂದು ಎಂತ ನೋಡಿ ಒಪ್ಪಿದ್ದು ಎಂದು ಹೆಂಡತಿ ಸುಮತಿಯನ್ನು ಕೇಳಿದೆ. "ಬಂದವರೆಲ್ಲ ನನ್ನನ್ನು ನೋಡಿ ಹೋದರು. ನಿಮ್ಮನ್ನು ಮಾತ್ರ ಬಾವಿಕಟ್ಟೆಯಲ್ಲಿ ನಿಂತು ಸಾವಕಾಶ ನಾನೇ ನೋಡಿದ್ದು," ಎಂದಳು.

ನಾನೂ ಹೆಣ್ಣು ನೋಡಿಯೇ ಮದುವೆಯಾದವನು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅಂದು ಅವಳು ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು ಮಾತ್ರ ಯಾರೂ ಕೇಳಬಾರದು. ನನ್ನ ಕಣ್ಣಿನ ತುಂಬ ಸಾಬೂನು ಇತ್ತು.