ನನಗಿಂತ ಹಳೇ ಎಲುಬಿನ ಹುಡುಗಿ

ನಮ್ಮ ಮನಿಯಾಗ ನನಗಿಂತ ದೊಡ್ಡ ಮುದುಕಿ ಒಬ್ಬಾಕಿ ಅದಾಳ. ವಯಸ್ಸು ಹತ್ತೊಂಬತ್ತು! ನನ್ನ ಮಗನ ಮಗಳು. ಆಕಿ ಎಲುಬು ಮುದುಕಿಯ ಎಲುಬಂತ ದವಾಖಾನಿ ಮಷೀನೇ ಹೇಳೇತಿ, ನಾನಲ್ಲ.

ಆಕಿಗೆ ಲೂಪಸ್. ಮೈ ಕಾಯೋ ಶಕ್ತಿನೇ ಮೈಮ್ಯಾಲೆ ತಿರುಗಿ ಬೀಳೋ ರೋಗಂತ. ಗುಳಿಗಿ ಬಿಟ್ರ ರೋಗ ಎದ್ದು ಕೂಡತೈತಿ, ನುಂಗಿದ್ರ ಎಲುಬು ತೆಳ್ಳಗಾಗತಾವ. ಎಂಥಾ ಚಂದದ ನ್ಯಾಯ! "ಬಿದ್ರ ಎಲುಬು ಮುರೀತಾವ, ಹುಷಾರು. ದಿನಾ ನಡೀಬೇಕು. ಬಿಸಲಿಗೆ ಮಾತ್ರ ಹೋಗಬ್ಯಾಡ" ಅಂದ್ರು ಡಾಕ್ಟರು. ನಮ್ಮ ಇಂಡಿ ಊರಾಗ ಬಿಸಲಿಲ್ಲದ ಜಾಗಾ ಎಲ್ಲೈತ್ರಿ?

ಅದಕ್ಕ ಈಕಿ ಮನಿಯೊಳಗೇ ನಡೀತಾಳ. ಪಡಸಾಲಿಯಿಂದ ಅಡಗಿಮನಿ, ಅಡಗಿಮನಿಯಿಂದ ಪಡಸಾಲಿ. ಓದೋದೂ ನಡಕೋತ, ಉಣ್ಣೋದೂ ನಡಕೋತ! ನಾ ಒಂದು ರೊಟ್ಟಿ ಬಡಿಯೋದರಾಗ ಹತ್ತು ಸಲ ದಾಟತಾಳ.

"ಒಂದ್ ಘಳಿಗಿ ಕುಂಡ್ರ, ನನ್ನ ತಲಿ ತಿರಗಾಕತ್ತೈತಿ!"

"ನೀನೂ ಏಳ ಆಯಿ, ತುಕ್ಕ ಹಿಡದೀ."

ಕಾಲೇಜಿಗೆ ಹೊಂಟ್ರ ಕೈಗವಸು, ಮುಖಕ್ಕ ಓಡಣಿ, ಮ್ಯಾಲೆ ಛತ್ರಿ. ಟೆಂಪೋ ಕಾಯೋ ಹೆಂಗಸೊಬ್ಬಾಕಿ ನಕ್ಕೋತ ಕೇಳಿದ್ಲು: "ಯಾಕವಾ, ಮಳಿ ಬರತೈತೇನು?" ಈಕಿ ಬಿಡತಾಳೇನು? "ಬಂದ್ರ ನಿಮಗೂ ಜಾಗಾ ಕೊಡ್ತೇನಿ, ಒಳಗ ಬರ್ರಿ ಅಕ್ಕಾರ!"

ಡಾಕ್ಟರಿಗಿಂತ ಶಾಣ್ಯಾಕಿ ನಾನು. ಹಡದ ಕೂಸುಗಳನ್ನೆಲ್ಲ ಎಣ್ಣಿ ಹಚ್ಚಿ, ಎಳೀ ಬಿಸಲಿಗೆ ಮಲಗಿಸಿ ಎಲುಬು ಗಟ್ಟಿ ಮಾಡಿದಾಕಿ. ಸೊಸಿ ಮನಿಯಾಗ ಇಲ್ಲದ ದಿನ ಈ ಕೂಸನ್ನೂ ಮಾಳಿಗಿ ಹತ್ತಿಸಿ ಎಣ್ಣಿ ಹಚ್ಚಿದೆ. "ಒಂದ ಸಲ, ನಿನ್ನ ಸಮಾಧಾನಕ್ಕ" ಅಂತ ಮಲಗಿದ್ಲು. ಕಾಲು ಚಾಚಿದ್ರ ಚಾಪಿನೇ ಸಾಲಲಿಲ್ಲ!

ಸಂಜೀಕ ಎರಡೂ ಗಲ್ಲ ಕೆಂಪಾದ್ವು. ಮರುದಿನ ಜ್ವರ, ಕೀಲು ಬಾವು. ಎಂಟು ದಿನ ಮೇಲೇಳಲಿಲ್ಲ. ಸೊಸಿ ನನ್ನ ಕೂಡ ಮಾತು ಬಿಟ್ಲು. ಅದು ಬಿಡ್ರಿ, ಆರಾಮೇ ಆತು. ಆದ್ರ ಹುಡುಗಿ ಕಾಲಿನ ಸಪ್ಪಳ ಇಲ್ದೇ ನನಗ ರೊಟ್ಟಿನೇ ಬಡಿಯಾಕಾಗಲಿಲ್ಲ. ಅವತ್ತಿನಿಂದ ಡಾಕ್ಟರ್ಕಿ ಬಿಟ್ಟೇನಿ.

ಹೋದ ವಾರ ಬಚ್ಚಲದಾಗ ಜಾರಿ ಬಿದ್ದೆ. ಸಪ್ಪಳ ಕೇಳಿ ಆಕಿ ಓಡಿ ಬಂದ್ಲು.

"ಅಲ್ಲೇ ನಿಂದ್ರು, ನೆಲ ಹಸಿ ಐತಿ! ನಂದು ಮುರದ್ರ ಮುರೀಲಿ, ಎಪ್ಪತ್ತು ವರ್ಷ ದುಡದಾವ. ನಿಂದಿನ್ನೂ ದುಡೀಬೇಕು!" ಅಂತ ಚೀರಿದೆ.

ಯಾರ ಮಾತು ಕೇಳ್ತಾಳ? ಗ್ವಾಡಿ ಹಿಡಕೊಂಡು ಬಂದು, ಆ ನೀರಾಗೇ ಕುಂತು, ನನ್ನ ಪಾದದಿಂದ ಮ್ಯಾಲಕ್ಕ ಒತ್ತಿ ಒತ್ತಿ ನೋಡಿದ್ಲು. "ಇಲ್ಲಿ ನೋವೈತೇನ ಆಯಿ? ಇಲ್ಲಿ?"

ನನ್ನ ಸೊಂಟ ಕೆಂಡ ಆಗಿತ್ತು.

"ಎಲ್ಲೂ ಇಲ್ಲ" ಅಂದೆ. ಐತಿ ಅಂದಿದ್ರ ಆ ಹುಚ್ಚಿ ನನ್ನ ಎತ್ತಾಕ ಬರತಿದ್ಲು.