ಮೂರನೇ ಕಿಟಕಿ

ಬೆಳಿಗ್ಗೆ ಹತ್ತಕ್ಕೆ ಡಬಲ್ ಡಿಗ್ರಿ ತನ್ನ ಕಿಟಕಿ ತೆರೆದಾಗ ಹೊರಗಿನ ಸಾಲು ಗೇಟು ದಾಟಿ ರಸ್ತೆಗಿಳಿದಿತ್ತು. ಉದ್ಯೋಗ ಕಚೇರಿಯಲ್ಲಿ ಅವನದು ಮೂರನೇ ಕಿಟಕಿ. ‘ಈತನಿಗೆ ಕೆಲಸವಿಲ್ಲ’ ಎಂಬ ಸರ್ಟಿಫಿಕೇಟಿಗೆ ಸಹಿ ಹಾಕಿ ಸೀಲು ಒತ್ತುವುದೇ ಅವನ ಕೆಲಸ. ಅಷ್ಟಕ್ಕೇ ಎರಡು ಡಿಗ್ರಿ ಓದಿದ್ದಾನೆಂದು ಸಹೋದ್ಯೋಗಿಗಳು ಆ ಹೆಸರಿಟ್ಟಿದ್ದರು.

“ಏನಮ್ಮ, ಇವತ್ತು ಇಷ್ಟೊಂದು ಜನ?”

“ನ್ಯೂಸ್ ನೋಡಿಲ್ವಾ ಸಾರ್?” ಎಂದಳು ಮೊದಲು ನಿಂತಿದ್ದ ಹುಡುಗಿ. “ಕೆಲಸ ಇಲ್ಲದೋರ ಓದಿನ ಸಾಲ ಮನ್ನಾ! ಈ ಸರ್ಟಿಫಿಕೇಟು ಇವತ್ತು ಐದು ಗಂಟೆಯೊಳಗೆ ಬ್ಯಾಂಕಿಗೆ ಕೊಡ್ಬೇಕು. ಸಂಬಳ ಬರೋರು ಕಟ್ಟಲಿ ಅಂದ್ರಂತೆ ಮಂತ್ರಿಗಳು.”

ಎತ್ತಿದ ಸೀಲು ಎತ್ತಿದ ಹಾಗೇ ಉಳಿಯಿತು. ಹನ್ನೆರಡು ವರ್ಷದಿಂದ ಅವನೂ ಓದಿನ ಸಾಲ ಕಟ್ಟುತ್ತಿದ್ದ. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿ, ಅಸಲು ಮಾತ್ರ ಬಂದ ನೆಂಟನ ಹಾಗೆ ಅಲ್ಲಾಡದೆ ಕೂತಿತ್ತು. ಈ ವರ್ಷ ಮಗಳು ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಅಪ್ಪನ ಫೀಸೇ ತೀರದ ಮನೆಯಲ್ಲಿ ಮಗಳ ಫೀಸು ಎಲ್ಲಿಂದ ಬರಬೇಕು? ಮಗು ಮನೆಯಲ್ಲೇ ಕೂತಿತ್ತು, ಅವನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

“ಸಂಬಳದಲ್ಲಿ ಮುಕ್ಕಾಲು ಬ್ಯಾಂಕಿಗೇ ಹೋಗುತ್ತೆ. ಕೆಲಸ ಬಿಟ್ರೆ ನಿನಗೇನೋ ನಷ್ಟ?” ಎಂದಳು ಪಕ್ಕದ ಟೈಪಿಸ್ಟಕ್ಕ. “ರಾಜೀನಾಮೆ ನಾನೇ ಟೈಪ್ ಮಾಡ್ಕೊಡ್ತೀನಿ.”

“ರಾಜೀನಾಮೆ ಯಾಕಕ್ಕ?” ಎಂದ ಜವಾನ. “ಸೀಲು ಕೈಯಲ್ಲೇ ಇದೆ. ಸಾರ್, ನಿಮಗೂ ಒಂದು ಒತ್ಕೊಳ್ಳಿ.”

“ಕೆಲಸದಲ್ಲಿ ಕೂತ್ಕೊಂಡು ಕೆಲಸ ಇಲ್ಲ ಅಂತ ಬರೀಲಾ? ಸುಳ್ಳಾಗುತ್ತಪ್ಪ!”

ಹುಡುಗಿಯ ಸರ್ಟಿಫಿಕೇಟಿಗೆ ಸಹಿ ಹಾಕಿ, ಸೀಲು ಒತ್ತಿ ಕಳಿಸಿ, ಹೆಂಡತಿಗೆ ಫೋನ್ ಮಾಡಿದ. “ಮಗು ಸ್ಕೂಲಿಗೆ ಹೋಗೋ ಹಾಗಿದ್ರೆ ಏನಾದ್ರೂ ಮಾಡ್ರಿ” ಎಂದು ಅವಳು ಅತ್ತೇಬಿಟ್ಟಳು.

ಆ ಕಚೇರಿಯಲ್ಲಿ ಒಂದು ರಜೆ ಅರ್ಜಿ ಮೇಜಿನಿಂದ ಮೇಜಿಗೆ ಹೋಗಲು ತಿಂಗಳು ಬೇಕು. ರಾಜೀನಾಮೆ ಮಾತ್ರ ಅರ್ಧ ಗಂಟೆಯಲ್ಲಿ ಮಂಜೂರಾಯಿತು. ಅಕ್ಕ ಟೈಪ್ ಮಾಡಿದಳು, ಜವಾನ ಓಡಿದ, ಹೆಡ್ ಕ್ಲರ್ಕು ಕೈಕುಲುಕಿ ಸೀಲನ್ನು ಬೀರುವಿಗೆ ಸೇರಿಸಿದರು. ಡಬಲ್ ಡಿಗ್ರಿ ಹೊರಗೆ ಬಂದು ಸಾಲಿನ ಕೊನೆಯಲ್ಲಿ ನಿಂತ.

ಮಧ್ಯಾಹ್ನ ಕಳೆಯಿತು. ಸಾಲು ಕದಲಲಿಲ್ಲ.

“ಯಾವನ್ರೀ ಅವನು, ಎದ್ದು ಹೋದೋನು ಬರ್ಲೇ ಇಲ್ಲ!” ಎಂದು ಮುಂದಿನವನು ಕೂಗಿದ.

“ಜವಾಬ್ದಾರಿ ಇಲ್ದೋರು” ಎಂದು ಇವನೂ ದನಿಗೂಡಿಸಿದ. ಹಾಗೆಂದ ಮೇಲೆ, ಎದ್ದು ಹೋದವನು ತಾನೇ ಎಂದು ಹೊಳೆಯಿತು.

ಜನರನ್ನು ತಳ್ಳಿಕೊಂಡು ಕಿಟಕಿಗೆ ಬಂದ. ಕುರ್ಚಿ ಖಾಲಿಯಿತ್ತು.

“ಸಾರ್, ನೀವಾದ್ರೂ ಸಹಿ ಹಾಕಿ!”

“ನನಗೆಲ್ಲಪ್ಪ ಅಧಿಕಾರ?” ಎಂದರು ಹೆಡ್ ಕ್ಲರ್ಕು. “ಈ ಸಹಿ ಆ ಸೀಟಿನದು. ಆ ಸೀಟಿನೋನು ರಾಜೀನಾಮೆ ಕೊಟ್ಟ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೇ ಕೆಲಸ ಬಿಟ್ಟು ವರ ಕೇಳಲು ಬಂದಿದ್ದ.

ಗಡಿಯಾರ ಐದು ಹೊಡೆಯಿತು. ಹಿಂದೆ ಯಾರೋ ಬಿಕ್ಕಿದರು. ಬೆಳಿಗ್ಗೆಯ ಹುಡುಗಿ ಮಾತ್ರ ಸಾಲ ಮನ್ನಾ ಮಾಡಿಸಿಕೊಂಡು ಮನೆ ಸೇರಿದ್ದಳು.

“ಹಾಗಾದ್ರೆ ನನ್ನ ಕೆಲಸಾನಾದ್ರೂ ವಾಪಸ್ ಕೊಡಿ ಸಾರ್” ಎಂದ ಡಬಲ್ ಡಿಗ್ರಿ.

“ಅದಕ್ಕೇನಂತೆ, ಅರ್ಜಿ ಹಾಕು. ಜಾಗ ಖಾಲಿ ಇದೆ” ಎಂದು ಅವರು ಪ್ರೀತಿಯಿಂದಲೇ ಫಾರಂ ಚಾಚಿದರು. “ಜೊತೆಗೆ ನಿನಗೆ ಕೆಲಸ ಇಲ್ಲ ಅಂತ ಒಂದು ಸರ್ಟಿಫಿಕೇಟು ಇಡ್ಬೇಕು. ಮೂರನೇ ಕಿಟಕೀಲಿ ಕೊಡ್ತಾರೆ.”